ನಾಯಿಯಿಲ್ಲದ ನಾಲ್ಕು ಗಂಟೆ

ವಾಲ್ಪರೈಸೊದ ಗುಡ್ಡದ ಮೇಲೆ, ತಗಡುಗೋಡೆಯ ಕೋಣೆಯಲ್ಲಿ
ಶಿಮೇನಾ ಒಯರ್ಸೂನ್ ಮೂರು ವರ್ಷ ಕೂತು
ಒಂದು ನಾಯಿಯನ್ನು ಮಾಡಿದಳು.
ಬಾಲಕ್ಕೆ ಹನ್ನೊಂದು ಚಿತ್ರ, ಕಿವಿಗೆ ನಾಲ್ಕು,
ಮೆಟ್ಟಿಲೇರುವಾಗ ಹಿಂಗಾಲು ತುಸು ಎಳೆಯುವ ಕುಂಟು
(ಅದು ಕೆಳಗಿನ ಬ್ರೆಡ್ಡಿನಂಗಡಿಯ ನಾಯಿಯಿಂದ ಕಡ ತಂದದ್ದು).
ಆಟ ಇಷ್ಟೆ: ನಾಯಿಯ ಹಿಂದೆ ನೀವು ಊರು ಹತ್ತಬೇಕು.
ಗುಂಡಿಲ್ಲ, ಗಡುವಿಲ್ಲ, ಗೆದ್ದವರ ಪಟ್ಟಿಯಿಲ್ಲ.

ಅಂಗಡಿಗೆ ಹಾಕಿದಳು.
ಎಂಥ ಅಂಗಡಿಯೋ ಅದು! ಬಾಗಿಲಿಲ್ಲ, ತೂಕದ ಕಲ್ಲಿಲ್ಲ,
ಉದ್ರಿ ಕೇಳೋಣವೆಂದರೆ ಗಲ್ಲೆಯಲ್ಲಿ ಮುಖವಿಲ್ಲ.
ಒಂದೇ ಬೆಳಿಗ್ಗೆ ನಲವತ್ತು ಆಟ ಬಂದು ಬೀಳುತ್ತವೆ,
ಸಂಜೆಗೆ ಎಲ್ಲವೂ ಎಂಟನೇ ಪುಟದ ಅಡಿಯಲ್ಲಿ.
ಬಂದದ್ದರಲ್ಲಿ ಅಂಗಡಿಯ ಪಾಲು ಮೊದಲು.
ಕೊಂಡವರು ಎರಡು ಗಂಟೆಯೊಳಗೆ ಒಲ್ಲೆನೆಂದರೆ ದುಡ್ಡು ವಾಪಸ್ಸು;
ಕಾರಣ ಬರೆಯಲು ಒಂದು ಪುಟ್ಟ ಚೌಕ.
"ಅಂದುಕೊಂಡ ಹಾಗಿಲ್ಲ."
ಇದನ್ನು ಅವಳು ರಾತ್ರಿಯ ಚಹಾದ ಜೊತೆ ಓದುತ್ತಾಳೆ,
ಸಕ್ಕರೆ ಹಾಕಿದ್ದೆನೋ ಇಲ್ಲವೋ ಮರೆಯುತ್ತಾಳೆ.

ಮಾರಾಟದ ನಕ್ಷೆಯಲ್ಲಿ ವಿಂಡೋಸಿನದು ಬಂದರಿನ ಕ್ರೇನು,
ಲಿನಕ್ಸಿನದು ಕತ್ತರಿಸಿ ಬಿಸಾಡಿದ ಉಗುರು.
"ಹದಿನೇಳು ಜನ," ಎಂದ ಅಣ್ಣ ಎಫ್ರಾಯಿನ್, "ಹದಿನೇಳು!
ಅವರಿಗೆ ಬೇರೆ ಅಡುಗೆ ಯಾಕೆ?"
ಒಂದು ಗುಂಡಿ ಒತ್ತಿದಷ್ಟೇ ತಾನೆ, ಎಂದಳು.
ಒತ್ತಿದಳು. ಆಡಿ ನೋಡಲಿಲ್ಲ.
ಅದನ್ನು ನಾನಿಲ್ಲಿ ಮುಚ್ಚಿಡುವುದಿಲ್ಲ.

ಹದಿನಾರು ಮಂದಿ ಲಿನಕ್ಸಿಗೇ ವಿಂಡೋಸಿನ ವೇಷ ಕಟ್ಟಿಸಿ
ಆ ಅಡುಗೆಯನ್ನೇ ಉಂಡರು; ಅವರಿಗೆ ನಾಯಿ ಸಿಕ್ಕಿತು.
ಉಳಿದವಳು ಒಬ್ಬಳು.
ಪೋಲೆಂಡಿನ ವುಚ್ ನಗರದ ಬೊಗುಮಿವಾ,
ಡಿಪೋದವರು ಗುಜರಿಗೆ ಎಸೆದ ಲ್ಯಾಪ್‌ಟಾಪಿನ ಒಡತಿ.

"ಮಾನ್ಯರೆ, ನಿಮ್ಮ ಆಟ ನಾಲ್ಕು ಗಂಟೆ ಹತ್ತು ನಿಮಿಷ ಆಡಿದೆ.
ನೆರಳಿದೆ. ಬೊಗಳು ಕೇಳುತ್ತದೆ.
ಒದ್ದೆ ಮೆಟ್ಟಿಲ ಮೇಲೆ ಹೆಜ್ಜೆ ಮೂಡುತ್ತವೆ,
ಒಂದು ಕಾಲಿನದು ಗೀಚಿದ ಹಾಗೆ.
ನಾಯಿ ಮಾತ್ರ ಇಲ್ಲ.
ಮೊದಲು ದೋಷವೆಂದುಕೊಂಡೆ. ಆಮೇಲೆ, ಇದೇ ಆಟವಿರಬೇಕು ಎಂದು.
ರಾತ್ರಿ ಪಾಳಿಯ ಟ್ರಾಮು ಓಡಿಸುವವಳು ನಾನು.
ಯಾರೂ ಇಳಿಯದ, ಯಾರೂ ಹತ್ತದ ನಿಲ್ದಾಣದಲ್ಲೂ
ಬಾಗಿಲು ತೆರೆದು, ಎಣಿಸಿ, ಮುಚ್ಚುತ್ತೇನೆ.
ಹಾಗಾಗಿ ನನಗೆ ವಿಚಿತ್ರವೆನಿಸಲಿಲ್ಲ.
ಯಾವುದು ಸರಿ, ತಿಳಿಸಿ.
ಕರ್ನಲ್, ಡ್ರೈವರ್, ಇಡೀ ದಾಖಲೆ ಲಗತ್ತಿಸಿದೆ."

ದಾಖಲೆಯ ನೂರಾ ಮೂವತ್ತೊಂದನೇ ಸಾಲು: ಪೆರ್ರೊ ಸಿಗಲಿಲ್ಲ.
ಕಡತದ ಹೆಸರಲ್ಲಿ ಮೊದಲಕ್ಷರ ದೊಡ್ಡದು,
ಶಿಮೇನಾ ಕರೆದದ್ದು ಚಿಕ್ಕದರಲ್ಲಿ.
ವಿಂಡೋಸು ಇಂಥದನ್ನು ನುಂಗಿಕೊಂಡು ಸುಮ್ಮನಿರುತ್ತದೆ;
ಲಿನಕ್ಸು, ಹೆಸರು ತಪ್ಪಿ ಕರೆದರೆ, ತಿರುಗಿ ನೋಡುವುದಿಲ್ಲ.

ಕನ್ನಡದಲ್ಲಿ ಇದನ್ನು ಹೇಗೆ ತೋರಿಸಲಿ?
ಕಳಿಂಗಕ್ಕೂ ಕಡಲೆಗೂ ನಮಗೆ ಒಂದೇ ಕ.
ಸಾಲಿನ ತಲೆಗೆ ನಿಂತರೂ ಬಾಲಕ್ಕೆ ನಿಂತರೂ
ಅದೇ ತಲೆಕಟ್ಟು.
ನಮ್ಮ ಲಿಪಿಯಲ್ಲಿ ಆ ನಾಯಿ ಕಳೆಯುತ್ತಲೇ ಇರಲಿಲ್ಲ,
ನಾನೂ ಹೀಗೆ ಹುಡುಕುತ್ತ ಬರುತ್ತಿರಲಿಲ್ಲ.

"ದೋಷ, ಕ್ಷಮಿಸಿ" ಎಂದು ಬರೆದಳು, ಅಳಿಸಿದಳು.
"ಗೊತ್ತಿಲ್ಲ" ಎಂದು ಬರೆದಳು, ಅಳಿಸಿದಳು.
ಕೊನೆಗೆ ಒಂದಕ್ಷರ ತಿದ್ದಿ ಹೊಸ ಆವೃತ್ತಿ ಬಿಟ್ಟಳು,
ಬದಲಾವಣೆಯ ಪಟ್ಟಿಯಲ್ಲಿ ಒಂದೇ ಸಾಲು:
ನಾಯಿ ಈಗ ಕಾಣುತ್ತದೆ.

ಮೂರನೇ ದಿನ ವುಚ್‌ನಿಂದ ಉತ್ತರ:
"ಬಂತು. ಚೆನ್ನಾಗಿದೆ. ಕಂದು ಬಣ್ಣದ್ದು ಎಂದುಕೊಂಡಿರಲಿಲ್ಲ.
ಹಳೆಯದನ್ನು ಬೇರೆ ಫೋಲ್ಡರಿನಲ್ಲಿ ಎತ್ತಿಟ್ಟಿದ್ದೇನೆ,
ಬೈಯಬೇಡಿ."

ಶಿಮೇನಾ ಬ್ರೆಡ್ಡು ತರಲು ಕೆಳಗಿಳಿದಳು.
ಅಂಗಡಿಯೆದುರು, ಅಡ್ಡಗಾಲಾಗಿ, ಅದೇ ನಾಯಿ.
ಅದಕ್ಕೆ ಯಾರೂ ಹೆಸರಿಟ್ಟಿಲ್ಲ;
ಶಿಳ್ಳೆಗೂ ತಿರುಗುತ್ತದೆ,
ಕಾಗದದ ಚೀಲದ ಸದ್ದಿಗೂ.